ರೋಬೋಟಿಕ್ಸ್ ಟೂರ್ನಿಗೆ ಮಕ್ಕಳ ತಂಡ: ನಿಯಮ ಪುಸ್ತಕದಿಂದ ಮೂರನೇ ಪಂದ್ಯದವರೆಗೆ

"ಸರ್, ನಿನ್ನೆ ಸರಿಯಾಗಿ ಹೋಗ್ತಿತ್ತು!"

ರೋಬೋಟಿಕ್ಸ್ ಟೂರ್ನಿ ನಡೆಯುವ ಹಾಲ್‌ನಲ್ಲಿ ಒಂದು ಗಂಟೆ ನಿಂತರೆ ಈ ಮಾತು ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ನಾನು ಕೋಚ್ ಆದ ಮೊದಲ ವರ್ಷ ನಮ್ಮ ಮಕ್ಕಳೂ ಇದನ್ನೇ ಹೇಳಿದರು. ಮೂರು ಪಂದ್ಯ ಆಡಿದೆವು. ಅದೇ ರೋಬೋಟ್, ಅದೇ ಪ್ರೋಗ್ರಾಂ. ಮೂರು ಸಲವೂ ಬೇರೆ ಬೇರೆ ಕಡೆ ಹೋಗಿ ನಿಂತಿತು. ಮಕ್ಕಳು ಸುಳ್ಳು ಹೇಳಿರಲಿಲ್ಲ. ಹಿಂದಿನ ದಿನ ಅದು ನಿಜವಾಗಿಯೂ ಸರಿಯಾಗಿ ಹೋಗಿತ್ತು, ಹತ್ತಕ್ಕೆ ಆರು ಸಲ. ಉಳಿದ ನಾಲ್ಕು ಸಲವನ್ನು "ಏನೋ ಆಯ್ತು, ಇನ್ನೊಂದ್ಸಲ ಬಿಡು" ಅಂತ ನಾವೆಲ್ಲ ಮರೆತುಬಿಟ್ಟಿದ್ದೆವು.

ಪ್ರಾದೇಶಿಕ ಹಂತದಲ್ಲಿ ಮೇಲೆ ಬರುವ ತಂಡಗಳ ರೋಬೋಟ್ ನೋಡಿದರೆ ಎಷ್ಟೋ ಸಲ "ಇಷ್ಟೇನಾ?" ಅನ್ನಿಸುವಷ್ಟು ಸರಳವಾಗಿರುತ್ತದೆ. ಆದರೆ ಹತ್ತು ಸಲ ಬಿಟ್ಟರೆ ಹತ್ತು ಸಲವೂ ಅದೇ ಜಾಗಕ್ಕೆ ಹೋಗುತ್ತದೆ. ಅಲ್ಲಿಗೆ ಮುಟ್ಟುವುದು ಹೇಗೆ ಅನ್ನುವುದೇ ಈ ಬರಹ. ಕೋಚ್‌ಗಳಿಗೂ ಮಕ್ಕಳಿಗೂ ಸೇರಿಸಿ ಬರೆದಿದ್ದೇನೆ.

ಹಂತ 1: ಯಾವ ಟೂರ್ನಿ ಅಂತ ಗಟ್ಟಿ ಮಾಡಿಕೊಳ್ಳಿ

ರೋಬೋಟಿಕ್ಸ್ ಸ್ಪರ್ಧೆ ಅಂದರೆ ಎಲ್ಲವೂ ಒಂದೇ ಅಲ್ಲ. ಅಮೆರಿಕದ ಸಂಶೋಧಕ ಡೀನ್ ಕಾಮೆನ್ 1989ರಲ್ಲಿ ಶುರು ಮಾಡಿದ ಫಸ್ಟ್ ಸಂಸ್ಥೆ, 1998ರಲ್ಲಿ ಲೆಗೋ ಕಂಪನಿಯ ಜೊತೆ ಸೇರಿ ಫಸ್ಟ್ ಲೆಗೋ ಲೀಗ್ ಹುಟ್ಟುಹಾಕಿತು. ಇದರಲ್ಲಿ ರೋಬೋಟ್ ಪೂರ್ತಿ ತಾನೇ ಓಡಬೇಕು, ರಿಮೋಟ್ ಇಲ್ಲ. ಒಂದು ಪಂದ್ಯಕ್ಕೆ ಎರಡೂವರೆ ನಿಮಿಷ. ಅದೇ ಸಂಸ್ಥೆಯ ಫಸ್ಟ್ ಟೆಕ್ ಚಾಲೆಂಜ್‌ನಲ್ಲಿ ಮೊದಲ 30 ಸೆಕೆಂಡ್ ರೋಬೋಟ್ ತಾನೇ ಓಡುತ್ತದೆ, ಆಮೇಲೆ 2 ನಿಮಿಷ ಮಕ್ಕಳು ಕಂಟ್ರೋಲರ್ ಹಿಡಿದು ಓಡಿಸುತ್ತಾರೆ. ವೆಕ್ಸ್ ಐಕ್ಯೂನಲ್ಲಿ ಪಂದ್ಯ ಬರೀ 60 ಸೆಕೆಂಡ್. ಅದರ ಟೀಮ್‌ವರ್ಕ್ ಪಂದ್ಯದಲ್ಲಿ ಎರಡು ತಂಡ ಜೊತೆಯಾಗಿ ಆಡಿ ಒಂದೇ ಅಂಕ ಹಂಚಿಕೊಳ್ಳುತ್ತವೆ. 2004ರಲ್ಲಿ ಶುರುವಾದ ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನಲ್ಲಿ ಆ ದಿನವೇ ಒಂದು ಹೊಸ ನಿಯಮ ಹೇಳಿ ಮಕ್ಕಳನ್ನು ಪೇಚಿಗೆ ಸಿಕ್ಕಿಸುತ್ತಾರೆ. ಅಲ್ಲಿ ಅಪ್ಪ ಬರೆದುಕೊಟ್ಟ ಪ್ರೋಗ್ರಾಂ ಎಷ್ಟು ಹೊತ್ತು ಬಾಳುತ್ತದೆ ಅಂತ ನೀವೇ ಊಹಿಸಿ.

ಮುಂದೆ ನಾನು ಕೊಡುವ ಲೆಕ್ಕಗಳು ಹೆಚ್ಚಾಗಿ ಫಸ್ಟ್ ಲೆಗೋ ಲೀಗ್ ಚಾಲೆಂಜ್‌ನವು, ನನಗೆ ಜಾಸ್ತಿ ಪರಿಚಯ ಇರುವುದು ಅದೇ. ಅಂಕ, ಸಮಯಗಳೆಲ್ಲ 2024-25ರ ನಿಯಮದ ಪ್ರಕಾರ. ನೀವು ಆಡುವ ವರ್ಷದ ನಿಯಮ ಪುಸ್ತಕದ ಜೊತೆ ತಾಳೆ ನೋಡಿಯೇ ಮುಂದೆ ಹೋಗಿ. ರೋಬೋಟ್‌ನ ಅಭ್ಯಾಸ ಮಾಡಿಸುವ ಭಾಗ ಮಾತ್ರ ಯಾವ ಟೂರ್ನಿಗಾದರೂ ಆಗುತ್ತದೆ.

ಹಂತ 2: ನಿಯಮ ಪುಸ್ತಕವನ್ನು ಗಟ್ಟಿಯಾಗಿ ಓದಿ

ಸುಮ್ನೆ ಹೇಳುತ್ತಿಲ್ಲ, ನಿಜವಾಗಿ ಗಟ್ಟಿಯಾಗಿ. ಮಕ್ಕಳು ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪುಟ ಓದಬೇಕು. ಮೊದಲ ಎರಡು ಭೇಟಿಯಲ್ಲಿ ಪೆಟ್ಟಿಗೆ ತೆಗೆದು ಮೋಟಾರ್ ತಿರುಗಿಸುವ ಆಸೆ ಎಲ್ಲರಿಗೂ ಇರುತ್ತದೆ. ಸ್ವಲ್ಪ ತಡೆಯಿರಿ. ಮಿಷನ್ ಮಾಡೆಲ್‌ಗಳನ್ನು (ಟೇಬಲ್ ಮೇಲೆ ರೋಬೋಟ್ ಮಾಡಬೇಕಾದ ಒಂದೊಂದು ಕೆಲಸ ಒಂದೊಂದು ಮಿಷನ್, ಅದಕ್ಕೆ ಇಡುವ ಲೆಗೋ ಆಕೃತಿ ಮಾಡೆಲ್) ಜೋಡಿಸಲು ಅರ್ಧ ಮಕ್ಕಳನ್ನು ಬಿಟ್ಟು, ಉಳಿದವರು ಓದುತ್ತಾ ಹೋದರೆ ಯಾರಿಗೂ ಬೇಜಾರಾಗುವುದಿಲ್ಲ.

ಓದುವಾಗ ಅಂಕ ಕೊಡುವ ವಾಕ್ಯದ ಒಂದೊಂದು ಪದವೂ ಮುಖ್ಯ. "ವಸ್ತು ವೃತ್ತದ ಒಳಗೆ ಪೂರ್ತಿ ಇರಬೇಕು" ಅನ್ನುವುದಕ್ಕೂ "ವೃತ್ತವನ್ನು ಮುಟ್ಟಿರಬೇಕು" ಅನ್ನುವುದಕ್ಕೂ ಎರಡು ವಾರದ ಕೆಲಸದಷ್ಟು ವ್ಯತ್ಯಾಸ ಇದೆ. ಪಂದ್ಯ ಮುಗಿದಾಗ ಹಾಗಿದ್ದರೆ ಸಾಕೋ, ಅಥವಾ ರೋಬೋಟೇ ಅದನ್ನು ಮಾಡಿದ್ದನ್ನು ರೆಫ್ರಿ ನೋಡಿರಬೇಕೋ? ರೋಬೋಟ್ ಆಗಲೂ ಮುಟ್ಟಿಕೊಂಡಿರಬಹುದೋ? ಇಂಥ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಋತುವಿನ ನಡುವೆ ಆಯೋಜಕರು ನಿಯಮಗಳಿಗೆ ತಿದ್ದುಪಡಿ, ಸ್ಪಷ್ಟನೆ ಹಾಕುತ್ತಾರೆ. ವಾರಕ್ಕೊಮ್ಮೆ ಅದನ್ನು ನೋಡುವ ಕೆಲಸವನ್ನು ಒಬ್ಬ ಹುಡುಗ ಅಥವಾ ಹುಡುಗಿಗೆ ಪೂರ್ತಿ ಒಪ್ಪಿಸಿ. ನಮ್ಮ ತಂಡದಲ್ಲಿ ಈ ಕೆಲಸ ಮಾಡುವವರಿಗೆ "ವಕೀಲ" ಅಂತ ಹೆಸರು. ಆ ಹೆಸರಿನ ಜಂಬಕ್ಕೇ ಚೆನ್ನಾಗಿ ಓದುತ್ತಾರೆ.

ಹಂತ 3: ತಂಡ, ಕೆಲಸ ಹಂಚಿಕೆ, ಕ್ಯಾಲೆಂಡರ್

ಫಸ್ಟ್ ಲೆಗೋ ಲೀಗ್‌ನಲ್ಲಿ ಒಂದು ತಂಡಕ್ಕೆ 10 ಮಕ್ಕಳವರೆಗೆ ಅವಕಾಶ ಇದೆ. ಆದರೆ ಒಂದು ರೋಬೋಟ್‌ನ ಸುತ್ತ 10 ಜನ ನಿಂತರೆ ಕೆಲಸ ಮಾಡುವವರು ಇಬ್ಬರು, ನೋಡುವವರು ನಾಲ್ವರು, ಜಗಳ ಆಡುವವರು ಉಳಿದವರು. ನನ್ನ ಮಟ್ಟಿಗೆ 6ರಿಂದ 8 ಜನ ಹದವಾದ ಸಂಖ್ಯೆ. ಇಬ್ಬಿಬ್ಬರ ಜೋಡಿ ಮಾಡಿ. ಪ್ರತಿ ಜೋಡಿಗೆ ಒಂದು ರನ್ ಕೊಡಿ, ಅಂದರೆ ರೋಬೋಟ್ ಒಮ್ಮೆ ಹೊರಗೆ ಹೋಗಿ ಮರಳುವಷ್ಟು ಕೆಲಸ. ಅದರ ಅಟ್ಯಾಚ್‌ಮೆಂಟ್ (ಆ ಕೆಲಸಕ್ಕಾಗಿ ರೋಬೋಟ್‌ಗೆ ಜೋಡಿಸುವ ಕೈ, ಕೊಕ್ಕೆ ಇತ್ಯಾದಿ) ಕಟ್ಟುವುದು, ಪ್ರೋಗ್ರಾಂ ಬರೆಯುವುದು, ಪಂದ್ಯದಲ್ಲಿ ಟೇಬಲ್ ಬಳಿ ನಿಲ್ಲುವುದು, ಎಲ್ಲ ಅದೇ ಜೋಡಿಯದು. ಹುಡುಗರು ಪ್ರೋಗ್ರಾಂ, ಹುಡುಗಿಯರು ಪೋಸ್ಟರ್ ಅನ್ನುವ ಹಂಚಿಕೆ ತಾನಾಗಿಯೇ ನುಸುಳಿ ಬರುತ್ತದೆ. ಕಂಡ ಕೂಡಲೇ ತಪ್ಪಿಸಿ.

12 ವಾರ ಸಿಕ್ಕರೆ ಹೀಗೆ ಹಂಚಬಹುದು. ಮೊದಲ ವಾರ ನಿಯಮ ಮತ್ತು ಮಾಡೆಲ್. ಎರಡು, ಮೂರನೇ ವಾರ ಬರೀ ರೋಬೋಟ್‌ನ ಮೈಕಟ್ಟು, ನೇರ ಓಡುವುದು, ತಿರುಗುವುದು. ನಾಲ್ಕರಿಂದ ಎಂಟು, ಮಿಷನ್‌ಗಳು. ಒಂಬತ್ತರಿಂದ ಹತ್ತು, ಗಡಿಯಾರ ಇಟ್ಟು ಪೂರ್ತಿ ಪಂದ್ಯ. ಕೊನೆಯ ಎರಡು ವಾರ ಹೊಸ ಮಿಷನ್ ಮುಟ್ಟುವ ಹಾಗಿಲ್ಲ. ಇದನ್ನು ಮೊದಲ ದಿನವೇ ಗೋಡೆಗೆ ಅಂಟಿಸಿ. ಟೂರ್ನಿಗೆ ಮೂರು ದಿನ ಇರುವಾಗ ಒಬ್ಬರಿಗಾದರೂ "ಅದ್ಭುತ ಐಡಿಯಾ" ಹೊಳೆದೇ ಹೊಳೆಯುತ್ತದೆ. ಆಗ ಗೋಡೆ ತೋರಿಸಿ.

ಹಂತ 4: ಯಾವ ಮಿಷನ್ ಬಿಡಬೇಕು ಅಂತ ತೀರ್ಮಾನಿಸಿ

ಎಲ್ಲ ಮಿಷನ್ ಮಾಡುವ ತಂಡಗಳು ಇವೆ. ಮೊದಲ ವರ್ಷದ ತಂಡ ಅದಲ್ಲ. ಇಲ್ಲಿ ಒಂದು ಗಣಿತ ಮಕ್ಕಳ ಕೈಯಲ್ಲೇ ಮಾಡಿಸಿ. ಒಂದೊಂದು ಮಿಷನ್ ಹತ್ತಕ್ಕೆ ಒಂಬತ್ತು ಸಲ ಸರಿಯಾಗುತ್ತದೆ ಅಂತಿಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ, ಅಲ್ವಾ? ಅಂಥ ಆರು ಮಿಷನ್ ಒಂದೇ ಪಂದ್ಯದಲ್ಲಿ ಸರಿಯಾಗುವ ಸಾಧ್ಯತೆ 0.9ನ್ನು ಆರು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ 53. ಹತ್ತಕ್ಕೆ ಎಂಟು ಸಲ ಆಗುವ ಮಿಷನ್‌ಗಳಾದರೆ ನೂರಕ್ಕೆ 26ಕ್ಕೆ ಇಳಿಯುತ್ತದೆ. "ನಿನ್ನೆ ಸರಿಯಾಗಿ ಹೋಗ್ತಿತ್ತು" ಅನ್ನುವ ಮಾತಿನ ಗುಟ್ಟು ಇದೇ.

ಆಮೇಲೆ ಸಮಯ. 150 ಸೆಕೆಂಡ್ ಅಂದರೆ ಬಹಳ ಅನ್ನಿಸುತ್ತದೆ. ಐದು ರನ್ ಇದ್ದರೆ ನಡುವೆ ನಾಲ್ಕು ಸಲ ಅಟ್ಯಾಚ್‌ಮೆಂಟ್ ಬದಲಿಸಬೇಕು. ಒಂದು ಬದಲಾವಣೆಗೆ 10 ಸೆಕೆಂಡ್ ಹಿಡಿದರೂ 40 ಸೆಕೆಂಡ್ ರೋಬೋಟ್ ನಿಂತೇ ಇರುತ್ತದೆ. ಉಳಿದಿದ್ದು 110. ಹಾಗಾಗಿ ಮಿಷನ್‌ಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ: ಎಷ್ಟು ಅಂಕ, ಹೊರಡುವ ಜಾಗದಿಂದ ಎಷ್ಟು ದೂರ, ಕೆಲಸ ತಳ್ಳುವುದೋ ಎತ್ತುವುದೋ ತಿರುಗಿಸುವುದೋ. ಹತ್ತಿರ ಇದ್ದು, ತಳ್ಳಿದರೆ ಸಾಕು ಅನ್ನುವ ಮಿಷನ್ ಮೊದಲು. ಒಂದೇ ದಾರಿಯಲ್ಲಿ ಸಿಗುವ ಎರಡು ಮೂರನ್ನು ಒಂದು ರನ್‌ಗೆ ಸೇರಿಸಿ. ದೂರದ ಮೂಲೆಯಲ್ಲಿರುವ, ಎತ್ತಿ ತಿರುಗಿಸಿ ಇಡಬೇಕಾದ, ನೋಡಲು ಬಲು ಚಂದದ ಆ ಮಿಷನ್ ಇದೆಯಲ್ಲ, ಅದು ಮುಂದಿನ ವರ್ಷಕ್ಕೆ.

ಟೋಕನ್ ಲೆಕ್ಕವನ್ನೂ ಇಲ್ಲೇ ಹಾಕಿ. ಪಂದ್ಯದ ಶುರುವಿಗೆ 6 ಪ್ರಿಸಿಷನ್ ಟೋಕನ್ ಸಿಗುತ್ತವೆ. ಹೊರಗೆ ಸಿಕ್ಕಿಕೊಂಡ ರೋಬೋಟನ್ನು ಕೈ ಹಾಕಿ ತಂದರೆ ಒಂದು ಟೋಕನ್ ಹೋಯಿತು. ಕೊನೆಗೆ 5 ಅಥವಾ 6 ಉಳಿದರೆ 50 ಅಂಕ, 4 ಉಳಿದರೆ 35, 3ಕ್ಕೆ 25, 2ಕ್ಕೆ 15, 1ಕ್ಕೆ 10. ಗಮನಿಸಿದಿರಾ? ಮೊದಲ ಟೋಕನ್ ಹೋದರೆ ಏನೂ ನಷ್ಟ ಇಲ್ಲ. ಎರಡನೆಯದಕ್ಕೆ 15 ಅಂಕ ಹೋಗುತ್ತದೆ. ಇದು ಗೊತ್ತಿಲ್ಲದ ಮಕ್ಕಳು ರೋಬೋಟ್ ಟೇಬಲ್ ಅಂಚಿನ ಗೋಡೆಗೆ ಮುಖ ಮಾಡಿ ಚಕ್ರ ತಿರುಗಿಸುತ್ತಿದ್ದರೂ ಮುಟ್ಟಲು ಹೆದರಿ 20 ಸೆಕೆಂಡ್ ಸುಮ್ಮನೆ ನೋಡುತ್ತಾ ನಿಲ್ಲುತ್ತಾರೆ. ಗೊತ್ತಿದ್ದವರು ಮೊದಲ ಸಲ ಥಟ್ಟನೆ ಎತ್ತಿಕೊಂಡು ಮುಂದಿನ ರನ್‌ಗೆ ಹೋಗುತ್ತಾರೆ.

ಹಂತ 5: ರೋಬೋಟ್‌ನ ಮೈಕಟ್ಟು

ಚಿಕ್ಕದು, ಗಟ್ಟಿಯದು, ತಗ್ಗಿನದು. ಹಬ್, ಅಂದರೆ ಪ್ರೋಗ್ರಾಂ ಓಡಿಸುವ ರೋಬೋಟ್‌ನ ಮಿದುಳಿನ ಪೆಟ್ಟಿಗೆ, ಮೇಲೆ ಎದ್ದು ನಿಂತಿದ್ದರೆ ರೋಬೋಟ್ ನಿಂತಾಗ ಮುಗ್ಗರಿಸುತ್ತದೆ. ಭಾರ ಆದಷ್ಟು ಓಡುವ ಚಕ್ರಗಳ ಮೇಲೆ ಬೀಳಲಿ, ಇಲ್ಲದಿದ್ದರೆ ಚಕ್ರ ಜಾರುತ್ತದೆ. ಚಕ್ರದ ಅಚ್ಚು ಒಂದೇ ಕಡೆ ಆಧಾರ ಪಡೆದಿದ್ದರೆ ವಾರ ಕಳೆಯುವುದರೊಳಗೆ ಬಾಗಿ, ರೋಬೋಟ್ ಒಂದು ಕಡೆಗೆ ಎಳೆಯಲು ಶುರು ಮಾಡುತ್ತದೆ. ಎರಡೂ ಬದಿಯಿಂದ ಹಿಡಿದುಕೊಳ್ಳುವಂತೆ ಕಟ್ಟಿ. ರೋಬೋಟನ್ನು ಎತ್ತಿ ಮೆಲ್ಲಗೆ ಅಲ್ಲಾಡಿಸಿ, ಕಟಕಟ ಸದ್ದು ಬಂದರೆ ಇನ್ನೂ ಕೆಲಸ ಬಾಕಿ ಇದೆ.

ರೋಬೋಟ್‌ನ ಹಿಂಬದಿಯನ್ನು ಚಪ್ಪಟೆಯಾಗಿ ಬಿಡಿ. ಟೇಬಲ್‌ನ ಗೋಡೆಗೆ ಹಿಂದಿನಿಂದ ಒತ್ತಿದರೆ ರೋಬೋಟ್ ತಾನಾಗಿ ನೇರವಾಗುತ್ತದೆ. ದಾರಿಯಲ್ಲಿ ಎಷ್ಟೇ ತಪ್ಪಾಗಿದ್ದರೂ ಅಲ್ಲಿಗೆ ಸೊನ್ನೆ. ಇಷ್ಟು ಸುಲಭವಾಗಿ ಸಿಗುವ ಸಹಾಯ ಬೇರೆ ಇಲ್ಲ, ಆದರೂ ಚಂದ ಕಾಣಲಿ ಅಂತ ಹಿಂದೆ ಏನೇನೋ ಅಂಟಿಸಿ ಅದನ್ನು ಕಳೆದುಕೊಳ್ಳುವ ತಂಡಗಳೇ ಜಾಸ್ತಿ.

ಅಟ್ಯಾಚ್‌ಮೆಂಟ್ ಬದಲಿಸುವಾಗ ಪಿನ್ ಒತ್ತಿ ಕೂರಿಸುವ ವಿಧಾನ ಬೇಡ. ಮೇಲಿನಿಂದ ಇಟ್ಟರೆ ತನ್ನ ಭಾರಕ್ಕೆ ಕೂತುಕೊಳ್ಳುವ, ಗೇರ್ ತಾನಾಗಿ ಹಲ್ಲಿಗೆ ಹಲ್ಲು ಸೇರುವ ವಿನ್ಯಾಸ ಮಾಡಿ. 10 ಸೆಕೆಂಡ್‌ನ ಕೆಲಸ 3 ಸೆಕೆಂಡ್‌ಗೆ ಬರುತ್ತದೆ. ಮೋಟಾರ್ ಬೇಡದ ಅಟ್ಯಾಚ್‌ಮೆಂಟ್, ಸುಮ್ನೆ ಒಂದು ಕೊಕ್ಕೆ ಅಥವಾ ತಳ್ಳುವ ಹಲಗೆ, ಆದಷ್ಟು ಬಳಸಿ. ಕೆಡಲು ಅದರಲ್ಲಿ ಏನೂ ಇರುವುದಿಲ್ಲ.

ಹಂತ 6: ನೇರ ಓಡುವುದು, ಸರಿಯಾಗಿ ತಿರುಗುವುದು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ.

ಚಕ್ರದ ವ್ಯಾಸ 5.6 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ ರೋಬೋಟ್ ಹೋಗುವ ದೂರ 5.6 × 3.14, ಸುಮಾರು 17.6 ಸೆಂ.ಮೀ. ಮಿಷನ್ 88 ಸೆಂ.ಮೀ. ದೂರ ಇದೆಯಾ? ಹಾಗಾದರೆ 5 ಸುತ್ತು. ಮಕ್ಕಳು "ಸ್ವಲ್ಪ ಜಾಸ್ತಿ ಮಾಡು, ಸ್ವಲ್ಪ ಕಮ್ಮಿ ಮಾಡು" ಅಂತ ಅಂದಾಜಿನಲ್ಲಿ ಅರ್ಧ ಗಂಟೆ ಕಳೆಯುವ ಬದಲು ಅಳತೆಪಟ್ಟಿ ಹಿಡಿದರೆ ಎರಡು ನಿಮಿಷದ ಕೆಲಸ.

ತಿರುಗುವುದಕ್ಕೂ ಲೆಕ್ಕ ಇದೆ. ಎರಡು ಚಕ್ರಗಳ ನಡುವಿನ ಅಂತರ 12 ಸೆಂ.ಮೀ. ಅಂತಿಟ್ಟುಕೊಳ್ಳಿ. ನಿಂತಲ್ಲೇ 90 ಡಿಗ್ರಿ ತಿರುಗಲು ಚಕ್ರ ಎಷ್ಟು ಡಿಗ್ರಿ ಸುತ್ತಬೇಕು? 90 × 12 ÷ 5.6, ಅಂದರೆ ಸುಮಾರು 193. ಒಂದು ಚಕ್ರ ಮುಂದಕ್ಕೆ 193, ಇನ್ನೊಂದು ಹಿಂದಕ್ಕೆ 193. ಮಕ್ಕಳು ಈ ಸೂತ್ರವನ್ನು ತಾವೇ ಕಂಡುಹಿಡಿಯುವಂತೆ ಮಾಡಿದರೆ ಜಡ್ಜ್‌ಗಳ ಮುಂದೆ ವಿವರಿಸುವಾಗ ಅವರ ಮುಖ ನೋಡಬೇಕು.

ಆದರೆ ಲೆಕ್ಕ ಸರಿಯಿದ್ದರೂ ಚಕ್ರ ಜಾರುತ್ತದೆ, ಗೇರ್‌ನಲ್ಲಿ ಸಡಿಲ ಇರುತ್ತದೆ. ಹೊರಡುವಾಗ ರೋಬೋಟ್ 2 ಡಿಗ್ರಿ ಓರೆ ಇದ್ದರೆ 1 ಮೀಟರ್ ಹೋಗುವಷ್ಟರಲ್ಲಿ 3.5 ಸೆಂ.ಮೀ. ಆಚೆ ಸರಿದಿರುತ್ತದೆ. 2 ಮೀಟರ್‌ಗೆ 7 ಸೆಂ.ಮೀ. ಕೊಕ್ಕೆ ಹಾಕಬೇಕಾದ ಉಂಗುರ ತಪ್ಪಿಹೋಗಲು ಅಷ್ಟು ಧಾರಾಳ ಸಾಕು. ಅದಕ್ಕೇ ಮೂರು ಉಪಾಯ.

ಒಂದು, ಜಿಗ್. ಹೊರಡುವ ಜಾಗದಲ್ಲಿ ಗೋಡೆಗೆ ಆನಿಸಿ ಇಡುವ ಒಂದು ಕಟ್ಟು. ರೋಬೋಟನ್ನು ಅದಕ್ಕೆ ತಾಗಿಸಿ ಇಟ್ಟರೆ ಪ್ರತಿ ಸಲವೂ ಅದೇ ಜಾಗ, ಅದೇ ಕೋನ. ಕಣ್ಣಂದಾಜಿನಲ್ಲಿ ಇಡುವುದು ಬೇಡವೇ ಬೇಡ.

ಎರಡು, ಗೈರೋ. ಹಬ್‌ನೊಳಗಿನ ಗೈರೋ ಸೆನ್ಸರ್ ರೋಬೋಟ್ ಈಗ ಯಾವ ಕೋನದಲ್ಲಿದೆ ಅಂತ ಹೇಳುತ್ತದೆ. ಬೇಕಾದ ಕೋನದಿಂದ ಈಗಿನ ಕೋನ ಕಳೆಯಿರಿ, ಬಂದ ತಪ್ಪನ್ನು ಒಂದು ಸಂಖ್ಯೆಯಿಂದ ಗುಣಿಸಿ, ಅದನ್ನೇ ಸ್ಟೀರಿಂಗ್‌ಗೆ ಕೊಡಿ. ತಪ್ಪು ದೊಡ್ಡದಾದರೆ ಜಾಸ್ತಿ ತಿದ್ದುತ್ತದೆ, ಚಿಕ್ಕದಾದರೆ ಕಮ್ಮಿ. ಗುಣಿಸುವ ಸಂಖ್ಯೆ ಬಹಳ ದೊಡ್ಡದಾದರೆ ರೋಬೋಟ್ ಕುಡಿದವರ ಹಾಗೆ ಆಚೀಚೆ ತೂಗುತ್ತದೆ, ಚಿಕ್ಕದಾದರೆ ಸೋಮಾರಿಯಾಗುತ್ತದೆ. 1ರಿಂದ ಶುರು ಮಾಡಿ ನೋಡುತ್ತಾ ಏರಿಸಿ. ಒಂದು ಎಚ್ಚರಿಕೆ: ಹಬ್ ಆನ್ ಮಾಡುವಾಗ ರೋಬೋಟ್ ಅಲ್ಲಾಡದೆ ನಿಂತಿರಬೇಕು. ಕೈಯಲ್ಲಿ ಹಿಡಿದುಕೊಂಡು ಆನ್ ಮಾಡಿದರೆ ಗೈರೋ ಲೆಕ್ಕ ತಪ್ಪಬಹುದು.

ಮೂರು, ಟೇಬಲ್ ಮೇಲೆ ಹಾಸುವ ಮ್ಯಾಟ್‌ನ ಕಪ್ಪು ಗೆರೆ ಮತ್ತು ಟೇಬಲ್‌ನ ಗೋಡೆ. ದೂರ ಹೋಗುವ ಪ್ರತಿ ರನ್‌ನಲ್ಲೂ ಒಂದು ಕಡೆಯಾದರೂ ರೋಬೋಟ್ "ನಾನು ಎಲ್ಲಿದ್ದೇನೆ" ಅಂತ ಮತ್ತೆ ಖಚಿತ ಮಾಡಿಕೊಳ್ಳಬೇಕು. ಗೋಡೆಗೆ ಒತ್ತಿಕೊಳ್ಳಲಿ, ಇಲ್ಲವೇ ಎರಡು ಕಲರ್ ಸೆನ್ಸರ್ ಇಟ್ಟು ಗೆರೆಗೆ ನೇರ ಮಾಡಿಕೊಳ್ಳಲಿ.

ಕಲರ್ ಸೆನ್ಸರ್ ವಿಷಯದಲ್ಲಿ ನಮಗೆ ಒಮ್ಮೆ ಚೆನ್ನಾಗಿ ಪೆಟ್ಟು ಬಿತ್ತು. ನಾವು ಅಭ್ಯಾಸ ಮಾಡುತ್ತಿದ್ದ ಕೋಣೆಯಲ್ಲಿ ಟ್ಯೂಬ್‌ಲೈಟ್ ಒಂದೇ ಇತ್ತು. ಟೂರ್ನಿಯ ಹಾಲ್‌ನಲ್ಲಿ ಟೇಬಲ್ ಮೇಲೆ ಪ್ರಖರವಾದ ದೀಪಗಳು. ನಮ್ಮ ಸೆನ್ಸರ್ ಮ್ಯಾಟ್‌ನಿಂದ ಸ್ವಲ್ಪ ಎತ್ತರದಲ್ಲಿದ್ದುದರಿಂದ ಹೊರಗಿನ ಬೆಳಕೂ ಅದರೊಳಗೆ ಹೋಗುತ್ತಿತ್ತು. ಕಪ್ಪು ಗೆರೆ ಅದಕ್ಕೆ ಬೂದು ಬಣ್ಣವಾಗಿ ಕಂಡಿರಬೇಕು. ರೋಬೋಟ್ ಗೆರೆ ದಾಟಿ, ಮಾಡೆಲ್ ಉರುಳಿಸಿ, ಎದುರಿನ ಗೋಡೆಗೆ ಹೋಗಿ ಗುದ್ದಿತು. ಆಮೇಲೆ ಸೆನ್ಸರನ್ನು ತಗ್ಗಿಸಿ ಸುತ್ತ ಕಪ್ಪು ತುಂಡುಗಳಿಂದ ಮರೆ ಕಟ್ಟಿದೆವು. ಅಲ್ಲಿನ ಕಪ್ಪು, ಬಿಳುಪನ್ನು ಓದಿಸಿ, ಎರಡರ ನಡುವಿನ ಸಂಖ್ಯೆಯನ್ನು ತಾನೇ ಲೆಕ್ಕ ಹಾಕುವ ಒಂದು ಚಿಕ್ಕ ಪ್ರೋಗ್ರಾಂ ಕೂಡ ಬರೆದರು ಮಕ್ಕಳು. ಟೂರ್ನಿಯ ಬೆಳಗ್ಗೆ ಅದನ್ನು ಮೊದಲು ಓಡಿಸುವುದು ಈಗ ನಮಗೆ ಪದ್ಧತಿ.

ಹಂತ 7: ಪ್ರೋಗ್ರಾಂ ಇಡುವ ರೀತಿ

ನೇರ ಓಡುವುದು, ತಿರುಗುವುದು, ಗೆರೆವರೆಗೆ ಹೋಗುವುದು, ಗೋಡೆಗೆ ಒತ್ತುವುದು: ಈ ನಾಲ್ಕಕ್ಕೂ ಒಂದೊಂದು ಬ್ಲಾಕ್ ಅಥವಾ ಫಂಕ್ಷನ್ ಮಾಡಿ. ಎಲ್ಲ ರನ್‌ಗಳೂ ಇವನ್ನೇ ಕರೆಯಬೇಕು. ಆಗ ಒಂದು ಕಡೆ ಸರಿ ಮಾಡಿದರೆ ಎಲ್ಲ ಕಡೆ ಸರಿಯಾಗುತ್ತದೆ. ಎಲ್ಲ ರನ್‌ಗಳನ್ನು ಒಂದೇ ಪ್ರೋಗ್ರಾಂನಲ್ಲಿ ಸೇರಿಸಿ, ಹಬ್‌ನ ಬಟನ್ ಒತ್ತಿದರೆ ಮುಂದಿನದು ಶುರುವಾಗುವಂತೆ ಮಾಡಿದರೆ ಗಡಿಬಿಡಿಯಲ್ಲಿ ತಪ್ಪು ಪ್ರೋಗ್ರಾಂ ಒತ್ತುವ ಅಪಾಯ ಕಡಿಮೆ. ಕೆಟ್ಟ ರನ್ ಬಿಟ್ಟು ಮುಂದಿನದಕ್ಕೆ ಜಿಗಿಯುವ ದಾರಿಯೂ ಇರಲಿ.

ಕೈ ಎತ್ತುವ ಮೋಟಾರ್ ಎಲ್ಲಾದರೂ ಸಿಕ್ಕಿಕೊಂಡರೆ "90 ಡಿಗ್ರಿ ಆಗುವವರೆಗೆ ಕಾಯಿ" ಅಂದ ಪ್ರೋಗ್ರಾಂ ಪಂದ್ಯ ಮುಗಿಯುವವರೆಗೂ ಕಾಯುತ್ತಲೇ ಇರಬಹುದು. ಅಂಥ ಕಡೆ "ಇಲ್ಲವೇ 2 ಸೆಕೆಂಡ್ ಆದರೆ ಮುಂದೆ ಹೋಗು" ಅಂತ ಸೇರಿಸಿ.

ಪ್ರತಿ ದಿನ ಕೆಲಸ ಮುಗಿದ ಮೇಲೆ ದಿನಾಂಕ ಹಾಕಿ ಫೈಲ್ ಉಳಿಸಿ. "ಫೈನಲ್", "ಫೈನಲ್ ಹೊಸದು", "ನಿಜವಾದ ಫೈನಲ್" ಅನ್ನುವ ಹೆಸರುಗಳ ಕಾಡು ಬೆಳೆಯಲು ಬಿಡಬೇಡಿ. ಇನ್ನೊಂದು ವಿಷಯ, ಟೂರ್ನಿಯ ಹಿಂದಿನ ವಾರ ಹಬ್ "ಅಪ್‌ಡೇಟ್ ಮಾಡಲೇ?" ಅಂತ ಕೇಳಿದರೆ, ಬೇಡ ಅನ್ನಿ.

ಹಂತ 8: ಹತ್ತು ಸಲದ ಪರೀಕ್ಷೆ

ಗೋಡೆಗೆ ಒಂದು ಚಾರ್ಟ್ ಹಾಕಿ. ಅಡ್ಡಕ್ಕೆ ರನ್‌ಗಳು, ಉದ್ದಕ್ಕೆ 1ರಿಂದ 10. ಪ್ರತಿ ರನ್ ಹತ್ತು ಸಲ ಬಿಡಬೇಕು, ನಡುವೆ ಪ್ರೋಗ್ರಾಂ ಮುಟ್ಟುವ ಹಾಗಿಲ್ಲ. ಸರಿಯಾದರೆ ಟಿಕ್, ತಪ್ಪಿದರೆ ಕಾರಣ ಒಂದು ಪದದಲ್ಲಿ: "ಜಾರಿತು", "ಓರೆ", "ಸಿಕ್ಕಿತು". ಒಂಬತ್ತಕ್ಕಿಂತ ಕಡಿಮೆ ಟಿಕ್ ಬಿದ್ದ ರನ್ ಪಂದ್ಯಕ್ಕೆ ಬರುವಂತಿಲ್ಲ. ಮೊದಲ ಸಲ ಇದನ್ನು ಮಾಡಿದಾಗ ನಮ್ಮ ತಂಡದಲ್ಲಿ ಅಳು ಬಂದಿತ್ತು. ಒಂದು ತಿಂಗಳ ಕೆಲಸಕ್ಕೆ ನಾಲ್ಕು ಟಿಕ್. ಆದರೆ ಕಾರಣದ ಸಾಲು ನೋಡಿದಾಗ ಆರರಲ್ಲಿ ಐದು ಸಲ "ಓರೆ" ಅಂತಲೇ ಇತ್ತು. ಒಂದು ಜಿಗ್ ಕಟ್ಟಿದರು. ಮರುದಿನ ಒಂಬತ್ತು.

ಒಂದೇ ತಪ್ಪಿಗೆ ಪ್ರೋಗ್ರಾಂ ತಿದ್ದುವ ಚಪಲ ಬಿಡಿಸುವುದು ಈ ಚಾರ್ಟ್‌ನ ದೊಡ್ಡ ಉಪಕಾರ. ಒಂದು ಸಲ ಎಡಕ್ಕೆ ಹೋಯಿತು ಅಂತ ಬಲಕ್ಕೆ ತಿದ್ದುತ್ತಾರೆ, ಮುಂದಿನ ಸಲ ಬಲಕ್ಕೆ ಹೋಗುತ್ತದೆ, ಮತ್ತೆ ಎಡಕ್ಕೆ ತಿದ್ದುತ್ತಾರೆ. ಸಂಜೆಯಾಗುತ್ತದೆ.

ಪರೀಕ್ಷೆಯನ್ನು ಬೇಕಂತಲೇ ಕಷ್ಟ ಮಾಡಿ. ಬ್ಯಾಟರಿ ಅರ್ಧ ಇಳಿದಾಗ ಒಮ್ಮೆ, ದೀಪ ಆರಿಸಿ ಒಮ್ಮೆ, ಟೇಬಲ್‌ನ ಒಂದು ಕಾಲಿನ ಕೆಳಗೆ ಕಾಗದ ಇಟ್ಟು ಒಮ್ಮೆ. ಚಕ್ರಗಳನ್ನು ಪ್ರತಿ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ. ನೀವು ನಂಬಲಿಕ್ಕಿಲ್ಲ, ಎಷ್ಟೋ "ಪ್ರೋಗ್ರಾಂ ದೋಷ"ಗಳು ಬರೀ ಧೂಳು.

ಹಂತ 9: ರೋಬೋಟ್ ಬಿಟ್ಟು ಉಳಿದದ್ದು

ಫಸ್ಟ್ ಲೆಗೋ ಲೀಗ್‌ನಲ್ಲಿ ಪಂದ್ಯದ ಅಂಕದ ತೂಕ ನಾಲ್ಕನೇ ಒಂದು ಭಾಗ ಮಾತ್ರ. ಉಳಿದ ಮೂರು ಭಾಗ ರೋಬೋಟ್ ವಿನ್ಯಾಸ, ಇನೊವೇಷನ್ ಪ್ರಾಜೆಕ್ಟ್ (ಒಂದು ನಿಜವಾದ ಸಮಸ್ಯೆಗೆ ಮಕ್ಕಳು ಹುಡುಕುವ ಪರಿಹಾರ) ಮತ್ತು ಕೋರ್ ವ್ಯಾಲ್ಯೂಸ್‌ಗೆ (ತಂಡದ ಒಗ್ಗಟ್ಟು, ನಡವಳಿಕೆ). ಟೇಬಲ್ ಮೇಲೆ ಮೊದಲ ಸ್ಥಾನ ಬಂದೂ ಮುಂದಿನ ಹಂತಕ್ಕೆ ಹೋಗದ ತಂಡದವರು "ಮೋಸ" ಅಂದುಕೊಳ್ಳುವುದು ಇದನ್ನು ಓದದೇ ಇದ್ದುದಕ್ಕೆ.

ಪ್ರಾಜೆಕ್ಟ್‌ಗೆ ಪ್ರತಿ ವರ್ಷ ಒಂದು ವಿಷಯ ಕೊಡುತ್ತಾರೆ. 2022-23ರಲ್ಲಿ ಶಕ್ತಿ, 2023-24ರಲ್ಲಿ ಕಲೆ, 2024-25ರಲ್ಲಿ ಸಮುದ್ರ. ಮಕ್ಕಳು ಮಾಡುವ ಸಾಮಾನ್ಯ ತಪ್ಪು ಅಂದರೆ ಇಡೀ ಸಮುದ್ರ ಸ್ವಚ್ಛ ಮಾಡಲು ಹೊರಡುವುದು. ಸಮಸ್ಯೆ ಒಂದು ವಾಕ್ಯದಲ್ಲಿ ಹೇಳುವಷ್ಟು ಚಿಕ್ಕದಾಗಿರಲಿ. ಆ ಕೆಲಸವನ್ನೇ ದಿನವೂ ಮಾಡುವ ಒಬ್ಬರ ಜೊತೆ ಮಾತಾಡಲಿ. ಅವರು "ಇದು ನಡೆಯಲ್ಲ, ಯಾಕಂದ್ರೆ..." ಅಂದರೆ ಅದೇ ಚಿನ್ನ. ಮೊದಲ ಮಾದರಿ, ಅವರು ಹೇಳಿದ ತೊಂದರೆ, ತಿದ್ದಿದ ಎರಡನೇ ಮಾದರಿ: ಈ ಮೂರೂ ಇದ್ದರೆ ಜಡ್ಜ್‌ಗಳಿಗೆ ತೋರಿಸಲು ಕಥೆ ಸಿಕ್ಕಿತು.

ಜಡ್ಜ್‌ಗಳ ಕೋಣೆಯಲ್ಲಿ ಅರ್ಧ ಗಂಟೆ. ಪ್ರಾಜೆಕ್ಟ್ ವಿವರಿಸಲು 5 ನಿಮಿಷ, ಪ್ರಶ್ನೆಗೆ 5. ರೋಬೋಟ್ ವಿನ್ಯಾಸಕ್ಕೂ ಹಾಗೆಯೇ. ಅವರ ಕೈಯಲ್ಲಿ ರೂಬ್ರಿಕ್ ಅನ್ನುವ ಹಾಳೆ ಇರುತ್ತದೆ, ಪ್ರತಿ ಸಾಲಿಗೆ 1ರಿಂದ 4 ಅಂಕ. ಅದು ಗುಟ್ಟಿನ ಕಾಗದವೇನಲ್ಲ, ಮೊದಲೇ ಸಿಗುತ್ತದೆ. ಪ್ರಿಂಟ್ ಹಾಕಿ ಮಕ್ಕಳೇ ತಮಗೆ ಅಂಕ ಕೊಟ್ಟುಕೊಳ್ಳಲಿ. ದೊಡ್ಡವರಿಗಿಂತ ಕಟುವಾಗಿ ಕೊಡುತ್ತಾರೆ.

ಬಾಯಿಪಾಠದ ಭಾಷಣಕ್ಕಿಂತ ಪ್ರಶ್ನೆಗೆ ಉತ್ತರ ಕೊಡುವುದನ್ನು ಜಾಸ್ತಿ ಅಭ್ಯಾಸ ಮಾಡಿ. "ಈ ಗೇರ್ ಯಾಕೆ ಇಲ್ಲಿದೆ?" ಅಂದರೆ ಅದನ್ನು ಕಟ್ಟಿದ ಹುಡುಗಿ ಉತ್ತರಿಸಬೇಕು. ದೊಡ್ಡವರು ಕಟ್ಟಿದ್ದರೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಹಳೆಯ, ಮುರಿದ, ಕೆಲಸ ಮಾಡದ ಅಟ್ಯಾಚ್‌ಮೆಂಟ್‌ಗಳ ಫೋಟೋ ಇಟ್ಟುಕೊಳ್ಳಿ, ಹತ್ತು ಸಲದ ಚಾರ್ಟ್ ಕೂಡ ಒಯ್ಯಿರಿ. ನಾಲ್ಕು ಟಿಕ್ ಒಂಬತ್ತಾದದ್ದನ್ನು ತೋರಿಸಿದಾಗ ನಮ್ಮ ಜಡ್ಜ್ ಒಬ್ಬರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತರು.

ಕೋರ್ ವ್ಯಾಲ್ಯೂಸ್ ಪಂದ್ಯದ ಟೇಬಲ್ ಬಳಿಯೂ ಲೆಕ್ಕಕ್ಕೆ ಬರುತ್ತದೆ. ಎಂಐಟಿಯ ಪ್ರೊಫೆಸರ್ ಆಗಿದ್ದ ವುಡಿ ಫ್ಲವರ್ಸ್ "ಗ್ರೇಶಿಯಸ್ ಪ್ರೊಫೆಷನಲಿಸಂ" ಅನ್ನುವ ಮಾತನ್ನು ಈ ಸ್ಪರ್ಧೆಗಳಲ್ಲಿ ಬಳಕೆಗೆ ತಂದರು. ಪೈಪೋಟಿ ಜೋರಾಗಿರಲಿ, ಆದರೆ ಪಕ್ಕದ ತಂಡಕ್ಕೆ ಕೇಬಲ್ ಬೇಕಾದರೆ ನಿಮ್ಮದನ್ನು ಕೊಡಿ ಅನ್ನುವುದು ಅದರ ತಿರುಳು. ಪ್ರತಿ ಪಂದ್ಯದಲ್ಲೂ ರೆಫ್ರಿಗಳು ಇದನ್ನು ಗಮನಿಸಿ ಗುರುತು ಹಾಕುತ್ತಾರೆ.

ಹಂತ 10: ಟೂರ್ನಿಯ ದಿನ

ಹಿಂದಿನ ರಾತ್ರಿ ಮುಚ್ಚಳ ಇರುವ ಗಟ್ಟಿ ಡಬ್ಬದಲ್ಲಿ ರೋಬೋಟ್ ಇಡಿ. ಅಟ್ಯಾಚ್‌ಮೆಂಟ್‌ಗಳಿಗೆ ರನ್‌ನ ನಂಬರ್ ಇರುವ ಬೇರೆ ತಟ್ಟೆ. ಚಾರ್ಜರ್, ಎಕ್ಸ್‌ಟೆನ್ಷನ್ ಬಾಕ್ಸ್, ಇನ್ನೊಂದು ಬ್ಯಾಟರಿ, ಇನ್ನೊಂದು ಕೇಬಲ್, ಬಿಡಿ ಪಿನ್‌ಗಳು, ಒರೆಸುವ ಬಟ್ಟೆ, ಪ್ರೋಗ್ರಾಂ ಇರುವ ಪೆನ್‌ಡ್ರೈವ್. ಹಾಲ್‌ನಲ್ಲಿ ನೂರು ಹಬ್‌ಗಳ ಬ್ಲೂಟೂತ್ ಒಟ್ಟಿಗೆ ಕೂಗುತ್ತಿರುತ್ತವೆ. ನಿಮ್ಮ ಹಬ್‌ಗೆ ತಂಡದ ಹೆಸರು ಕೊಡಿ, ಪ್ರೋಗ್ರಾಂ ಕೇಬಲ್‌ನಲ್ಲೇ ಹಾಕಿ, ಪಂದ್ಯಕ್ಕೆ ಹೋಗುವ ಮುಂಚೆ ಬ್ಲೂಟೂತ್ ಆಫ್ ಮಾಡಿ.

ಪಿಟ್‌ನಲ್ಲಿ, ಅಂದರೆ ತಂಡಗಳು ಕೂತು ಕೆಲಸ ಮಾಡುವ ಕಡೆ, ಜಾಗ ಹಿಡಿದ ಕೂಡಲೇ ವೇಳಾಪಟ್ಟಿ ಅಂಟಿಸಿ. ಸಮಯ ನೋಡುವ ಕೆಲಸ ಒಬ್ಬರಿಗೆ, ಬೇರೆ ಯಾವ ಜವಾಬ್ದಾರಿಯೂ ಅವರಿಗೆ ಬೇಡ. ಅಭ್ಯಾಸದ ಟೇಬಲ್ ಸಿಕ್ಕರೆ ಇಡೀ ಪಂದ್ಯ ಆಡಬೇಡಿ. ಸೆನ್ಸರ್ ಓದಿಸಿ, ಅತಿ ದೂರ ಹೋಗುವ ರನ್ ಎರಡು ಸಲ ಬಿಟ್ಟು ನೋಡಿ, ಎದ್ದು ಬನ್ನಿ.

ಪಂದ್ಯದ ಟೇಬಲ್ ಬಳಿ ಒಂದು ಸಲಕ್ಕೆ ನಾಲ್ವರೇ ನಿಲ್ಲಬಹುದು, ಒಂದೊಂದು ಬದಿಗೆ ಇಬ್ಬಿಬ್ಬರು. ಉಳಿದವರು ಹಿಂದೆ ಕಾಯುತ್ತಾ ಬದಲಾಗಬಹುದು. ಆ ಬದಲಾವಣೆಯನ್ನೂ ಮನೆಯಲ್ಲೇ ಅಭ್ಯಾಸ ಮಾಡಿರಬೇಕು. ಶುರುವಾಗುವ ಮೊದಲು ಮಕ್ಕಳು ಟೇಬಲ್ ಸುತ್ತ ಕಣ್ಣಾಡಿಸಿ, ಮಾಡೆಲ್ ಎಲ್ಲಾದರೂ ತಪ್ಪಾಗಿ ಇಟ್ಟಿದ್ದರೆ ರೆಫ್ರಿಗೆ ಹೇಳಲಿ. "ಸರ್, ಆ ಕಡ್ಡಿ ಮೇಲಿರಬೇಕಲ್ವಾ?" ಅಷ್ಟೇ ಸಾಕು. ಪಂದ್ಯ ಶುರುವಾದ ಮೇಲೆ ಹೇಳಿ ಉಪಯೋಗವಿಲ್ಲ. ಮುಗಿದ ಮೇಲೆ ಟೇಬಲ್ ಮೇಲೆ ಯಾರೂ ಕೈ ಇಡಬಾರದು. ರೆಫ್ರಿ ಅಂಕ ಬರೆಯುವಾಗ "ವಕೀಲ" ಪಕ್ಕದಲ್ಲಿ ನಿಂತು ಒಂದೊಂದೇ ಸಾಲು ನೋಡಲಿ. ತಕರಾರು ಇದ್ದರೆ ಆಗಲೇ, ಮೆಲುದನಿಯಲ್ಲಿ, ನಿಯಮದ ಪದಗಳಲ್ಲೇ ಹೇಳಲಿ. ರೆಫ್ರಿಗೂ ಖಚಿತವಾಗದಿದ್ದರೆ ಅನುಮಾನದ ಲಾಭ ತಂಡಕ್ಕೇ. ಒಪ್ಪಿಕೊಂಡ ಮೇಲೆ ಆ ಅಂಕ ಮುಗಿಯಿತು. ಕೋಚ್ ಬಂದು ವಾದ ಮಾಡುವುದಕ್ಕೆ ಅಲ್ಲಿ ಜಾಗ ಇಲ್ಲ.

ಮೂರು ಪಂದ್ಯಗಳಲ್ಲಿ ಅತಿ ಹೆಚ್ಚು ಬಂದ ಅಂಕವೇ ರ‍್ಯಾಂಕಿಂಗ್‌ಗೆ ಲೆಕ್ಕ. ಹಾಗಾಗಿ ಮೊದಲ ಪಂದ್ಯ ಕೆಟ್ಟರೆ ಆಕಾಶವೇನೂ ಬೀಳುವುದಿಲ್ಲ. ಆದರೆ ಆ ಹೊತ್ತಿಗೆ ಮಕ್ಕಳ ಕೈ ಲ್ಯಾಪ್‌ಟಾಪ್ ಕಡೆ ಹೋಗುತ್ತದೆ, ಎಲ್ಲ ಬದಲಿಸಿಬಿಡೋಣ ಅನ್ನುತ್ತದೆ. ಮೊದಲು ಚಕ್ರ ಒರೆಸಿ. ಬ್ಯಾಟರಿ ನೋಡಿ. ಜಿಗ್ ಸರಿಯಾಗಿ ಗೋಡೆಗೆ ತಾಗಿತ್ತಾ ಅಂತ ಇಟ್ಟವರನ್ನೇ ಕೇಳಿ. ಮ್ಯಾಟ್ ಮತ್ತು ಗೋಡೆಯ ನಡುವಿನ ಸಂದು ಟೇಬಲ್‌ನಿಂದ ಟೇಬಲ್‌ಗೆ ಸ್ವಲ್ಪ ಬೇರೆ ಇರುತ್ತದೆ, ಅದನ್ನೂ ನೋಡಿ. ಇಷ್ಟಾದರೂ ಕಾರಣ ಸಿಗದಿದ್ದರೆ ಮಾತ್ರ ಪ್ರೋಗ್ರಾಂ, ಅದೂ ಒಂದೇ ಒಂದು ಸಂಖ್ಯೆ. ಬದಲಿಸಿದ್ದನ್ನು ಕಾಗದದ ಮೇಲೆ ಬರೆದಿಡಿ.

ಕೋಚ್‌ಗೆ ಆ ದಿನ ಇರುವ ಕೆಲಸ ಊಟ, ನೀರು ಮತ್ತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದು. ಮೂರನೆಯದು ಎಲ್ಲಕ್ಕಿಂತ ಕಷ್ಟ.

ಮನೆಗೆ ಬಂದ ಮೇಲೆ

ರೋಬೋಟನ್ನು ಆ ವಾರವೇ ಬಿಚ್ಚಬೇಡಿ. ನಾಲ್ಕೂ ಬದಿಯಿಂದ, ಕೆಳಗಿನಿಂದ ಫೋಟೋ ತೆಗೆಯಿರಿ. ಪ್ರೋಗ್ರಾಂ ಎರಡು ಕಡೆ ಉಳಿಸಿ. ಜಡ್ಜ್‌ಗಳು ತುಂಬಿಕೊಟ್ಟ ರೂಬ್ರಿಕ್ ಹಾಳೆ ಕೈಗೆ ಬಂದಾಗ ತೀರ್ಪಿನ ಬಿಸಿ ಆರಿದ ಮೇಲೆ, ಒಂದು ವಾರ ಬಿಟ್ಟು, ಎಲ್ಲರೂ ಕೂತು ಓದಿ. ಮುಂದಿನ ಹಂತಕ್ಕೆ ಆಯ್ಕೆಯಾಗಿದ್ದರೆ ಹತ್ತು ಸಲದ ಚಾರ್ಟ್‌ನ ಹೊಸ ಹಾಳೆ ಅಂಟಿಸಿ, ಹಳೆಯ ರನ್‌ಗಳಿಂದಲೇ ಮತ್ತೆ ಶುರು ಮಾಡಿ. ಆಗದಿದ್ದರೆ ಮಕ್ಕಳಿಗೆ ಟೇಬಲ್ ಬಿಟ್ಟುಕೊಡಿ. ಮೂಲೆಯ ಆ ಚಂದದ ಮಿಷನ್ ಮೇಲೆ ಅವರ ಕಣ್ಣು ಇನ್ನೂ ಇರುತ್ತದೆ.